ಜಾಲತಾಣಗಳ ಹ್ಯಾಕಿಂಗ್ ಮತ್ತು ಕುತಂತ್ರಾಂಶ ನಿವಾರಣೆ

ಜಾಲತಾಣವೊಂದರ ಸರ್ವರ್, ದತ್ತಸಂಚಯ ಅಥವಾ ನಿರ್ವಹಣಾ ಖಾತೆಯೊಳಗೆ ಅದರ ಒಡೆಯರ ಅನುಮತಿಯಿಲ್ಲದೆ ಪ್ರವೇಶಿಸುವುದನ್ನು ಜಾಲತಾಣದ ಹ್ಯಾಕಿಂಗ್ ಎನ್ನುತ್ತಾರೆ. ಹಾಗೆ ಪ್ರವೇಶಿಸಿದವರು ಅಲ್ಲಿ ಇರಿಸಿ ಹೋಗುವ ಹಾನಿಕಾರಕ ತಂತ್ರಾಂಶವೇ ಕುತಂತ್ರಾಂಶ ಅಥವಾ ಮಾಲ್‌ವೇರ್. ಕುತಂತ್ರಾಂಶ ನಿವಾರಣೆಯೆಂದರೆ ಕೆಟ್ಟ ಕಡತಗಳನ್ನು ಅಳಿಸುವುದಷ್ಟೇ ಅಲ್ಲ. ದಾಳಿಕೋರರು ಯಾವ ದಾರಿಯಿಂದ ಒಳಬಂದರೆಂದು ಗುರುತಿಸಿ ಆ ದಾರಿಯನ್ನು ಮುಚ್ಚುವುದು, ಹೊಸ ಪಾಸ್‌ವರ್ಡ್‌ಗಳನ್ನು ಹೊಂದಿಸುವುದು ಮತ್ತು ಸಂಬಂಧಪಟ್ಟ ಸಂಸ್ಥೆಗಳಿಗೆ ವರದಿ ಮಾಡುವುದು ಇವೆಲ್ಲವೂ ಅದರಲ್ಲಿ ಸೇರಿವೆ. ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್‌ನಂತಹ ಪಟ್ಟಣಗಳಲ್ಲಿ ಇಂದು ಸ್ಥಳೀಯ ಸಂಸ್ಥೆ, ದೇವಸ್ಥಾನ, ಶಿಕ್ಷಣ ಸಂಸ್ಥೆ ಮತ್ತು ವ್ಯಾಪಾರಿಗಳು ಜಾಲತಾಣಗಳನ್ನು ಬಳಸುತ್ತಿರುವುದರಿಂದ ಈ ವಿಷಯವು ಮಹಾನಗರಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ.

ಹಿನ್ನೆಲೆ

1988ರ ನವೆಂಬರ್ 2ರಂದು ಹರಡಲಾರಂಭಿಸಿದ ಮೋರಿಸ್ ವರ್ಮ್ ಅಂತರಜಾಲದ ಮೂಲಕ ವ್ಯಾಪಕವಾಗಿ ಹರಡಿದ ಮೊದಲ ಕುತಂತ್ರಾಂಶಗಳಲ್ಲಿ ಒಂದು. ಅದರ ಪರಿಣಾಮವಾಗಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಗಣಕ ತುರ್ತು ಸ್ಪಂದನಾ ತಂಡ ಸ್ಥಾಪನೆಯಾಯಿತು. ಭಾರತದಲ್ಲಿ 1998ರ ಮೇ ತಿಂಗಳ ಪೋಖ್ರಾನ್ ಅಣುಪರೀಕ್ಷೆಗಳ ಬೆನ್ನಲ್ಲೇ ಜೂನ್‌ನಲ್ಲಿ ಮುಂಬಯಿಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಸರ್ವರ್‌ಗಳಿಗೆ ವಿದೇಶಿ ಯುವಕರ ಗುಂಪೊಂದು ನುಗ್ಗಿದ ಘಟನೆ ವ್ಯಾಪಕ ಗಮನ ಸೆಳೆಯಿತು. ಭಾರತೀಯ ಗಣಕ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್ 2004ರ ಜನವರಿಯಿಂದ ಕಾರ್ಯನಿರ್ವಹಿಸುತ್ತಿದೆ.

ಆರಂಭದ ದಾಳಿಗಳಲ್ಲಿ ಹಲವು ಕೀರ್ತಿಗಾಗಿ ಅಥವಾ ಪ್ರತಿಭಟನೆಗಾಗಿ ನಡೆದವು. ಇಂದಿನ ಹೆಚ್ಚಿನ ದಾಳಿಗಳ ಉದ್ದೇಶ ಹಣ. ಅವುಗಳಲ್ಲಿ ಬಹುಪಾಲನ್ನು ಸ್ವಯಂಚಾಲಿತ ತಂತ್ರಾಂಶಗಳೇ ನಡೆಸುತ್ತವೆ. ಇವು ಅಂತರಜಾಲದಲ್ಲಿರುವ ತಾಣಗಳನ್ನು ಒಂದಾದ ಮೇಲೊಂದರಂತೆ ತಟ್ಟಿನೋಡಿ, ಹಳೆಯ ಆವೃತ್ತಿಯ ತಂತ್ರಾಂಶವಿರುವ ಕಡೆ ಒಳನುಗ್ಗುತ್ತವೆ. ಆದ್ದರಿಂದ "ನಮ್ಮದು ಸಣ್ಣ ಊರಿನ ತಾಣ, ಅದರಲ್ಲಿ ಕದಿಯಲು ಏನಿದೆ" ಎಂಬ ನಂಬಿಕೆಗೆ ಆಧಾರವಿಲ್ಲ. ತಾಣದಲ್ಲಿ ಅಮೂಲ್ಯ ಮಾಹಿತಿ ಇಲ್ಲದಿದ್ದರೂ ಅದರ ಸರ್ವರ್ ಮತ್ತು ಶೋಧಯಂತ್ರಗಳಲ್ಲಿ ಅದು ಗಳಿಸಿದ ವಿಶ್ವಾಸ ದಾಳಿಕೋರರಿಗೆ ಉಪಯುಕ್ತವಾಗುತ್ತವೆ.

ದಾಳಿಯ ಮಾರ್ಗಗಳು

ಹಳೆಯ ತಂತ್ರಾಂಶ: ವರ್ಡ್‌ಪ್ರೆಸ್, ಜೂಮ್ಲಾ, ದ್ರುಪಲ್ ಮುಂತಾದ ತಾಣ ನಿರ್ವಹಣಾ ತಂತ್ರಾಂಶಗಳು ಹಾಗೂ ಅವುಗಳ ಪ್ಲಗಿನ್‌ಗಳಲ್ಲಿ ಕಾಲಕಾಲಕ್ಕೆ ದೋಷಗಳು ಪತ್ತೆಯಾಗುತ್ತವೆ. 2014ರ ಅಕ್ಟೋಬರ್ 15ರಂದು ದ್ರುಪಲ್ ಒಂದು ಗಂಭೀರ ದೋಷವನ್ನು ಪ್ರಕಟಿಸಿ ಪರಿಹಾರವನ್ನೂ ನೀಡಿತು. ಪ್ರಕಟಣೆಯಾದ ಏಳು ಗಂಟೆಗಳೊಳಗೆ ಅದನ್ನು ಅಳವಡಿಸದ ತಾಣಗಳೆಲ್ಲ ದಾಳಿಗೊಳಗಾಗಿವೆ ಎಂದೇ ಭಾವಿಸಬೇಕೆಂದು ಅದೇ ತಿಂಗಳ 29ರಂದು ಅದರ ಭದ್ರತಾ ತಂಡ ಎಚ್ಚರಿಸಿತು. ವರ್ಡ್‌ಪ್ರೆಸ್‌ನ 4.7 ಆವೃತ್ತಿಯಲ್ಲಿದ್ದ ದೋಷವೊಂದಕ್ಕೆ 2017ರ ಜನವರಿ 26ರಂದು ಪರಿಹಾರ ಬಿಡುಗಡೆಯಾಗಿತ್ತು. ಅದನ್ನು ಅಳವಡಿಸದ ತಾಣಗಳಲ್ಲಿ ಫೆಬ್ರವರಿಯ ಕೆಲವೇ ದಿನಗಳೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಪುಟಗಳು ವಿರೂಪಗೊಂಡವು.

ಪಾಸ್‌ವರ್ಡ್ ಸೋರಿಕೆ: ಊಹಿಸಲು ಸುಲಭವಾದ ಪಾಸ್‌ವರ್ಡ್, ಹಲವು ಕಡೆ ಬಳಸಿದ ಒಂದೇ ಪಾಸ್‌ವರ್ಡ್ ಅಥವಾ ಹಲವರ ಕೈ ದಾಟಿದ ಪಾಸ್‌ವರ್ಡ್ ದಾಳಿಗೆ ಅನುವು ಮಾಡಿಕೊಡುತ್ತದೆ. ನಿರ್ವಾಹಕರ ಸ್ವಂತ ಗಣಕಯಂತ್ರದಲ್ಲಿ ಸೇರಿಕೊಂಡ ಕುತಂತ್ರಾಂಶವೂ ಪಾಸ್‌ವರ್ಡ್‌ಗಳನ್ನು ಕದಿಯಬಲ್ಲದು.

ನಮೂನೆಗಳ ದುರ್ಬಳಕೆ: ಹುಡುಕು ಪೆಟ್ಟಿಗೆ ಅಥವಾ ಅರ್ಜಿ ನಮೂನೆಯಲ್ಲಿ ಹೆಸರಿನ ಬದಲು ದತ್ತಸಂಚಯಕ್ಕೆ ನೀಡುವ ಆಜ್ಞೆಯನ್ನೇ ತುಂಬುವುದು ಎಸ್‌ಕ್ಯೂಎಲ್ ಇಂಜೆಕ್ಷನ್. ಕಡತ ಸೇರಿಸುವ ನಮೂನೆಯ ಮೂಲಕ ಚಿತ್ರದ ಬದಲು ಪಿಎಚ್‌ಪಿ ಕಡತವನ್ನು ಏರಿಸುವುದು ಇನ್ನೊಂದು ವಿಧಾನ.

ಕಳ್ಳಪ್ರತಿಗಳು: ಹಣ ಕೊಟ್ಟು ಕೊಳ್ಳಬೇಕಾದ ಥೀಮ್ ಮತ್ತು ಪ್ಲಗಿನ್‌ಗಳ ಉಚಿತ ಕಳ್ಳಪ್ರತಿಗಳಲ್ಲಿ ಕುತಂತ್ರಾಂಶ ಮೊದಲೇ ಅಡಗಿರುವುದುಂಟು.

ಲಕ್ಷಣಗಳು

ಮುಖಪುಟವೇ ಬದಲಾದರೆ ದಾಳಿ ಕೂಡಲೇ ತಿಳಿಯುತ್ತದೆ. ಆದರೆ ಹಣಕ್ಕಾಗಿ ನಡೆಯುವ ದಾಳಿಗಳು ಸಾಮಾನ್ಯವಾಗಿ ಮರೆಯಲ್ಲಿರುತ್ತವೆ. ತಾಣದ ವಿಳಾಸವನ್ನು ನೇರವಾಗಿ ಟೈಪಿಸಿ ಬರುವವರಿಗೆ ಸರಿಯಾದ ಪುಟವನ್ನೇ ತೋರಿಸಿ, ಗೂಗಲ್ ಮೂಲಕ ಅಥವಾ ಮೊಬೈಲ್‌ನಿಂದ ಬರುವವರನ್ನು ಮಾತ್ರ ಜೂಜು ಇಲ್ಲವೇ ನಕಲಿ ಔಷಧಗಳ ತಾಣಕ್ಕೆ ಕಳುಹಿಸುವ ಕುತಂತ್ರಾಂಶಗಳಿವೆ. ಒಡೆಯರು ಪ್ರತಿದಿನ ತಮ್ಮ ತಾಣವನ್ನು ನೋಡುತ್ತಿದ್ದರೂ ತಿಂಗಳುಗಟ್ಟಲೆ ವಿಷಯ ತಿಳಿಯದಿರಲು ಇದೇ ಕಾರಣ. ಇತರ ಲಕ್ಷಣಗಳು ಹೀಗಿವೆ:

• ಶೋಧಯಂತ್ರದಲ್ಲಿ ತಾಣದ ಹೆಸರಿನಡಿ ಜಪಾನಿ ಭಾಷೆಯ ಅಥವಾ ಜೂಜಿಗೆ ಸಂಬಂಧಿಸಿದ ಅಪರಿಚಿತ ಪುಟಗಳು ಕಾಣಿಸುವುದು. ಕನ್ನಡ ತಾಣಗಳಲ್ಲಿ ಇಂತಹ ಪುಟಗಳನ್ನು ಗುರುತಿಸುವುದು ಸುಲಭ.
• ಬ್ರೌಸರ್ ಕೆಂಪು ಎಚ್ಚರಿಕೆಯ ಪುಟವನ್ನು ತೋರಿಸುವುದು.
• ನಿರ್ವಾಹಕರ ಪಟ್ಟಿಯಲ್ಲಿ ಗುರುತಿಲ್ಲದ ಹೆಸರುಗಳಿರುವುದು.
• ತಾಣದ ಇಮೇಲ್ ವಿಳಾಸದಿಂದ ಅನಪೇಕ್ಷಿತ ಪತ್ರಗಳು ಹೋಗುವುದು.
• ದೇಣಿಗೆ ಅಥವಾ ಶುಲ್ಕದ ಪುಟದಲ್ಲಿ ಬ್ಯಾಂಕ್ ಖಾತೆ ಸಂಖ್ಯೆ ಇಲ್ಲವೇ ಕ್ಯೂಆರ್ ಕೋಡ್ ಬದಲಾಗಿರುವುದು.

ವಿಳಾಸದ ಪಕ್ಕದ ಬೀಗದ ಚಿಹ್ನೆಯು ಓದುಗರಿಗೂ ಸರ್ವರ್‌ಗೂ ನಡುವಿನ ಸಂವಹನ ಗೂಢಲಿಪಿಯಲ್ಲಿದೆ ಎಂಬುದನ್ನಷ್ಟೇ ಸೂಚಿಸುತ್ತದೆ. ತಾಣದೊಳಗೆ ಕುತಂತ್ರಾಂಶವಿಲ್ಲ ಎಂಬುದಕ್ಕೆ ಅದು ಪ್ರಮಾಣವಲ್ಲ. ಹಾಗೆಯೇ ಹ್ಯಾಕಿಂಗ್‌ನಂತೆ ಕಾಣುವುದೆಲ್ಲವೂ ಹ್ಯಾಕಿಂಗ್ ಅಲ್ಲ. ನವೀಕರಿಸದೆ ಬಿಟ್ಟ ಡೊಮೇನ್ ಹೆಸರನ್ನು ಬೇರೊಬ್ಬರು ಕೊಂಡು ಅಲ್ಲಿ ಜಾಹೀರಾತು ಹಾಕಿದ್ದರೆ ಅದು ಒಡೆತನ ಕೈತಪ್ಪಿದ ಪ್ರಸಂಗವೇ ಹೊರತು ಅತಿಕ್ರಮ ಪ್ರವೇಶವಲ್ಲ.

ನಿವಾರಣಾ ಕ್ರಮ

ಗಾಬರಿಯಿಂದ ಎಲ್ಲವನ್ನೂ ಅಳಿಸಿಬಿಡುವುದು ಸಾಮಾನ್ಯವಾದ ತಪ್ಪು. ಅದರಿಂದ ದಾಳಿಯ ಸುಳಿವೂ ಅಳಿಸಿಹೋಗುತ್ತದೆ. ಅನುಕ್ರಮವು ಸಾಮಾನ್ಯವಾಗಿ ಹೀಗಿರುತ್ತದೆ:

1. ಇದ್ದ ಸ್ಥಿತಿಯಲ್ಲಿಯೇ ಕಡತಗಳು, ದತ್ತಸಂಚಯ ಮತ್ತು ಸರ್ವರ್‌ನ ಲಾಗ್ ದಾಖಲೆಗಳ ಪ್ರತಿ ತೆಗೆದಿಡುವುದು. ಹಲವು ಹೋಸ್ಟಿಂಗ್ ಸೇವೆಗಳು ಲಾಗ್‌ಗಳನ್ನು ಕೆಲವೇ ದಿನಗಳಲ್ಲಿ ಅಳಿಸುವುದರಿಂದ ಇದನ್ನು ಮೊದಲು ಮಾಡಬೇಕಾಗುತ್ತದೆ.
2. ಓದುಗರಿಗೆ ಹಾನಿಯಾಗದಂತೆ ತಾಣವನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಿ ದುರಸ್ತಿಯ ಸೂಚನೆ ಹಾಕುವುದು.
3. ಕುತಂತ್ರಾಂಶವಿಲ್ಲದ ಗಣಕಯಂತ್ರದಿಂದ ಹೋಸ್ಟಿಂಗ್, ಡೊಮೇನ್, ದತ್ತಸಂಚಯ, ಎಫ್‌ಟಿಪಿ, ನಿರ್ವಾಹಕ ಖಾತೆ ಮತ್ತು ಇಮೇಲ್‌ಗಳ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸುವುದು.
4. ಅಪರಿಚಿತ ಬಳಕೆದಾರರನ್ನು ತೆಗೆದುಹಾಕಿ, ಈಗಾಗಲೇ ಒಳಗಿರುವ ಎಲ್ಲ ಲಾಗಿನ್‌ಗಳನ್ನು ರದ್ದುಪಡಿಸುವುದು.
5. ಕುತಂತ್ರಾಂಶವನ್ನು ಹುಡುಕುವುದು. ಚಿತ್ರಗಳಿಗೆ ಮೀಸಲಾದ ಕೋಶದಲ್ಲಿರುವ ಪಿಎಚ್‌ಪಿ ಕಡತಗಳು, ಓದಲಾಗದಂತೆ ಸಂಕೇತಗೊಳಿಸಿದ ಉದ್ದನೆಯ ಸಾಲುಗಳು, ಬದಲಾದ ಎಚ್‌ಟಿಅಕ್ಸೆಸ್ ಕಡತ ಮತ್ತು ನಿಗದಿತ ವೇಳೆಗೆ ತಾನಾಗಿ ನಡೆಯುವ ಕ್ರಾನ್ ಕೆಲಸಗಳು ಮುಖ್ಯವಾಗಿ ಪರಿಶೀಲಿಸಬೇಕಾದವು. ಕಡತದ ದಿನಾಂಕವನ್ನು ತಿದ್ದಲು ಸಾಧ್ಯವಿರುವುದರಿಂದ ದಿನಾಂಕವೊಂದನ್ನೇ ನಂಬಲಾಗದು.
6. ಮೂಲ ತಂತ್ರಾಂಶ, ಥೀಮ್ ಮತ್ತು ಪ್ಲಗಿನ್‌ಗಳನ್ನು ಅಧಿಕೃತ ಮೂಲದಿಂದ ಹೊಸದಾಗಿ ಸ್ಥಾಪಿಸುವುದು, ಅಥವಾ ದಾಳಿಗಿಂತ ಹಿಂದಿನ ಬ್ಯಾಕಪ್ ಪ್ರತಿಯಿಂದ ತಾಣವನ್ನು ಮರಳಿ ಕಟ್ಟುವುದು.
7. ಲಾಗ್‌ಗಳ ನೆರವಿನಿಂದ ಪ್ರವೇಶದ ದಾರಿಯನ್ನು ಗುರುತಿಸಿ, ತಾಣವನ್ನು ಮತ್ತೆ ತೆರೆಯುವ ಮೊದಲೇ ಅದನ್ನು ಮುಚ್ಚುವುದು.
8. ಗೂಗಲ್ ಸರ್ಚ್ ಕನ್ಸೋಲ್‌ನ ಭದ್ರತಾ ವಿಭಾಗದಲ್ಲಿ ಮರುಪರಿಶೀಲನೆಗೆ ಕೋರಿಕೆ ಸಲ್ಲಿಸುವುದು. ಎಚ್ಚರಿಕೆಯ ಪುಟವು ಆ ಬಳಿಕವೇ ತೆರವಾಗುತ್ತದೆ.

ಇವುಗಳಲ್ಲಿ ಏಳನೆಯದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥವಾಗುವ ಸಂಭವವಿದೆ. ದಾಳಿಕೋರರು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಹಿಂಬಾಗಿಲುಗಳನ್ನು ಇರಿಸಿರುತ್ತಾರೆ. ಒಂದು ಉಳಿದರೂ ಶುಚಿಗೊಳಿಸಿದ ತಾಣ ಮತ್ತೆ ಕೆಡುತ್ತದೆ. ಹಳೆಯ ಬ್ಯಾಕಪ್ ಪ್ರತಿಯಲ್ಲಿ ಹಳೆಯ ದೋಷವೂ ಇರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಕನ್ನಡ ಪಠ್ಯದ ಪುನಃಸ್ಥಾಪನೆ

ಕನ್ನಡ ತಾಣಗಳನ್ನು ಮರಳಿ ಕಟ್ಟುವಾಗ ಅಕ್ಷರ ಸಂಕೇತದ ಕಡೆಗೆ ವಿಶೇಷ ಗಮನ ಬೇಕು. ದತ್ತಸಂಚಯದ ಪ್ರತಿಯನ್ನು ರೋಮನ್ ಲಿಪಿಗಷ್ಟೇ ಹೊಂದುವ ಸಂಕೇತದಲ್ಲಿ ತೆಗೆದರೆ ಯೂನಿಕೋಡ್ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬದಲಾಗುತ್ತದೆ. ಹಾಗಾದ ಪ್ರತಿಯಿಂದ ಮೂಲ ಪಠ್ಯವನ್ನು ಹಿಂಪಡೆಯಲಾಗದು. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಸಿದ್ಧವಾದ ಪುಟಗಳು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳಂತೆ ಕಾಣುವುದರಿಂದ, ಪರಿಚಯವಿಲ್ಲದ ತಂತ್ರಜ್ಞರು ಅವುಗಳನ್ನೇ ಕುತಂತ್ರಾಂಶವೆಂದು ಭ್ರಮಿಸುವ ಸಾಧ್ಯತೆಯೂ ಇದೆ. ಬ್ಯಾಕಪ್ ಪ್ರತಿಯನ್ನು ಬೇರೊಂದು ಕಡೆ ತೆರೆದು, ಒತ್ತಕ್ಷರಗಳವರೆಗೂ ಓದಿ ನೋಡುವುದು ಇದಕ್ಕೆ ಸರಳವಾದ ಪರೀಕ್ಷೆ.

ಕರ್ನಾಟಕದ ಇ-ಪ್ರೊಕ್ಯೂರ್‌ಮೆಂಟ್ ಪ್ರಕರಣ

ಕರ್ನಾಟಕದಲ್ಲಿ ನಡೆದ ಪ್ರಮುಖ ಪ್ರಕರಣಗಳಲ್ಲಿ ಒಂದು ರಾಜ್ಯ ಸರ್ಕಾರದ ಟೆಂಡರ್ ವ್ಯವಹಾರದ ಇ-ಪ್ರೊಕ್ಯೂರ್‌ಮೆಂಟ್ ತಾಣಕ್ಕೆ ಸಂಬಂಧಿಸಿದ್ದು. ಟೆಂಡರ್‌ನಲ್ಲಿ ಭಾಗವಹಿಸುವ ಗುತ್ತಿಗೆದಾರರು ಇಡುವ ಇಎಂಡಿ ಠೇವಣಿಯನ್ನು ಪ್ರಕ್ರಿಯೆ ಮುಗಿದ ಬಳಿಕ ಹಿಂತಿರುಗಿಸಲಾಗುತ್ತದೆ. 2019ರ ಜುಲೈನಲ್ಲಿ ಈ ತಾಣಕ್ಕೆ ನುಗ್ಗಿ ಸುಮಾರು 11.5 ಕೋಟಿ ರೂಪಾಯಿ ಠೇವಣಿ ಹಣವನ್ನು ಸಂಬಂಧವಿಲ್ಲದ ಬ್ಯಾಂಕ್ ಖಾತೆಗಳಿಗೆ ವರ್ಗಾಯಿಸಲಾಯಿತು. ಸಿಐಡಿ ಪ್ರಕರಣ ದಾಖಲಿಸಿಕೊಂಡಿತು. 2020ರ ನವೆಂಬರ್‌ನಲ್ಲಿ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ ಪೊಲೀಸರು ಬೇರೊಂದು ಪ್ರಕರಣದಲ್ಲಿ ಬಂಧಿಸಿದ ಆರೋಪಿಯ ವಿಚಾರಣೆಯಿಂದ ಇದು ಮತ್ತೆ ಚರ್ಚೆಗೆ ಬಂದಿತು. ಬಿಟ್‌ಕಾಯಿನ್ ಹಗರಣವೆಂದು ಹೆಸರಾದ ಈ ಸರಣಿ ಪ್ರಕರಣಗಳ ತನಿಖೆಗೆ 2023ರಲ್ಲಿ ವಿಶೇಷ ತನಿಖಾ ತಂಡ ರಚನೆಯಾಯಿತು.

ರಾಜ್ಯದ ಇಲಾಖೆಗಳ ಮತ್ತು ಸ್ಥಳೀಯ ಸಂಸ್ಥೆಗಳ ಟೆಂಡರ್‌ಗಳು ಒಂದೇ ತಾಣದ ಮೂಲಕ ನಡೆಯುವುದರಿಂದ, ತಾಲ್ಲೂಕು ಕೇಂದ್ರವೊಂದರ ಗುತ್ತಿಗೆದಾರನ ಠೇವಣಿಯ ಸುರಕ್ಷತೆಯೂ ಬೆಂಗಳೂರಿನ ಸರ್ವರ್‌ನ ಭದ್ರತೆಯನ್ನು ಅವಲಂಬಿಸಿದೆ.

ಬಸವಕಲ್ಯಾಣ ಮತ್ತು ಹುಮನಾಬಾದ್

ಪುಣೆ–ಹೈದರಾಬಾದ್ ಹೆದ್ದಾರಿಯ ಹಾದಿಯಲ್ಲಿರುವ ಈ ಎರಡು ತಾಲ್ಲೂಕು ಕೇಂದ್ರಗಳಲ್ಲಿ ಬಸವಕಲ್ಯಾಣದ ಆಡಳಿತ ನಗರಸಭೆಯದು, ಹುಮನಾಬಾದ್‌ನ ಆಡಳಿತ ಪುರಸಭೆಯದು. ಈ ಸ್ಥಳೀಯ ಸಂಸ್ಥೆಗಳ ಅಧಿಕೃತ ತಾಣಗಳು ರಾಜ್ಯದ ಇತರ ನಗರ ಸ್ಥಳೀಯ ಸಂಸ್ಥೆಗಳ ತಾಣಗಳಂತೆಯೇ ಪೌರಾಡಳಿತ ನಿರ್ದೇಶನಾಲಯದ ಪೌರ ಸುಧಾರಣಾ ಕೋಶದ ಸಾಮಾನ್ಯ ವ್ಯವಸ್ಥೆಯಡಿ ರೂಪುಗೊಂಡಿವೆ. ಒಂದೇ ವ್ಯವಸ್ಥೆಯಾದ್ದರಿಂದ ಭದ್ರತಾ ಪರಿಹಾರವನ್ನು ಎಲ್ಲ ಕಡೆ ಏಕಕಾಲಕ್ಕೆ ಅಳವಡಿಸಬಹುದು. ಆದರೆ ಸಾಮಾನ್ಯ ವ್ಯವಸ್ಥೆಯಲ್ಲಿ ದೋಷವಿದ್ದರೆ ಅದು ಎಲ್ಲ ತಾಣಗಳನ್ನೂ ತಟ್ಟಬಲ್ಲದು.

ಖಾಸಗಿ ಸಂಸ್ಥೆಗಳಿಗೆ ಇಂತಹ ಆಸರೆಯಿಲ್ಲ. ಬಸವಕಲ್ಯಾಣಕ್ಕೆ ಶರಣರ ಸ್ಮಾರಕಗಳನ್ನು ಕಾಣಲು, ಹುಮನಾಬಾದ್‌ಗೆ ವೀರಭದ್ರೇಶ್ವರ ಜಾತ್ರೆ ಮತ್ತು ಮಾಣಿಕನಗರದ ಮಾಣಿಕಪ್ರಭುಗಳ ಸನ್ನಿಧಿಗಾಗಿ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳಿಂದ ಜನ ಬರುತ್ತಾರೆ. ದೂರದ ಊರಿನವರು ಮಾಹಿತಿ, ವಸತಿ, ದೇಣಿಗೆಗಾಗಿ ಜಾಲತಾಣಗಳನ್ನೇ ನಂಬುವುದರಿಂದ ಇಂತಹ ಯಾತ್ರಾಸ್ಥಳಗಳಲ್ಲಿ ತಾಣ ಕೆಟ್ಟರೆ ಒಡೆಯರಿಗಿಂತ ಮೊದಲು ನಂಬಿ ಬಂದವರಿಗೆ ನಷ್ಟವಾಗುತ್ತದೆ. ಸಣ್ಣ ಊರುಗಳ ಸಂಸ್ಥೆಗಳು ತಾಣ ರಚನೆಯನ್ನು ಹೆಚ್ಚಾಗಿ ಹೊರಗಿನ ವಿನ್ಯಾಸಕರಿಗೆ ಒಪ್ಪಿಸುತ್ತವೆ. ಡೊಮೇನ್ ಮತ್ತು ಹೋಸ್ಟಿಂಗ್ ವಿನ್ಯಾಸಕರ ಹೆಸರಿನಲ್ಲಿಯೇ ನೋಂದಣಿಯಾಗಿದ್ದು, ಅವರ ಸಂಪರ್ಕ ತಪ್ಪಿದರೆ ದಾಳಿಯ ಸಮಯದಲ್ಲಿ ತಾಣವನ್ನು ಮುಚ್ಚುವ ಅಧಿಕಾರವೂ ಸಂಸ್ಥೆಗೆ ಇರುವುದಿಲ್ಲ. ಆದ್ದರಿಂದ ಡೊಮೇನ್ ನೋಂದಣಿ ಸಂಸ್ಥೆಯ ಹೆಸರಿನಲ್ಲಿಯೇ ಇರುವುದು ಮೊದಲ ಭದ್ರತಾ ಕ್ರಮವೆಂದು ಪರಿಗಣಿಸಬಹುದು.

ಕಾನೂನು ಮತ್ತು ವರದಿ

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಸೆಕ್ಷನ್ 43 ಅನುಮತಿಯಿಲ್ಲದ ಪ್ರವೇಶ ಮತ್ತು ವೈರಸ್ ಸೇರಿಸುವಿಕೆಗೆ ಪರಿಹಾರವನ್ನು ವಿಧಿಸುತ್ತದೆ. ಅದೇ ಕೃತ್ಯವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಎಸಗಿದರೆ ಸೆಕ್ಷನ್ 66ರಡಿ ಮೂರು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಈ ಅಪರಾಧಗಳ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನ ಅಧಿಕಾರಿ ನಡೆಸುವಂತಿಲ್ಲ.

ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಸೇವಾದಾತರು, ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ತಾಣ ವಿರೂಪಗೊಳಿಸುವಿಕೆ, ಕುತಂತ್ರಾಂಶ ಸೇರ್ಪಡೆ ಮೊದಲಾದ ಘಟನೆಗಳನ್ನು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ಅದಕ್ಕೆ ವರದಿ ಮಾಡಬೇಕು ಮತ್ತು ಲಾಗ್ ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕು. ಭಾರತದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ನಂತರ ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಸೆನ್ ಠಾಣೆಗಳು ಸ್ಥಾಪನೆಯಾದವು. ಬಸವಕಲ್ಯಾಣ ಮತ್ತು ಹುಮನಾಬಾದ್‌ನವರಿಗೆ ಬೀದರ್‌ನ ಸೆನ್ ಠಾಣೆ ಲಭ್ಯವಿದೆ. ತಾಣದ ಮೂಲಕ ಹಣ ಕಳೆದುಕೊಂಡವರು ತಡಮಾಡದೆ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆಮಾಡಿದರೆ, ವರ್ಗಾವಣೆಯಾದ ಹಣವನ್ನು ಮುಂದೆ ಸಾಗದಂತೆ ತಡೆಹಿಡಿಯುವ ಅವಕಾಶವಿರುತ್ತದೆ.

ಮುನ್ನೆಚ್ಚರಿಕೆ

ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವುದು, ಬಳಸದ ಪ್ಲಗಿನ್‌ಗಳನ್ನು ಅಳಿಸಿಹಾಕುವುದು, ನಿರ್ವಾಹಕರಿಗೆ ಎರಡು ಹಂತದ ದೃಢೀಕರಣ ಅಳವಡಿಸುವುದು ಹಾಗೂ ಸಂಸ್ಥೆ ಬಿಟ್ಟವರ ಖಾತೆಗಳನ್ನು ಕೂಡಲೇ ಮುಚ್ಚುವುದು ಸಾಮಾನ್ಯ ಕ್ರಮಗಳು. ಬ್ಯಾಕಪ್ ವಿಷಯದಲ್ಲಿ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ ನಿಯಮ ಪ್ರಚಲಿತವಾಗಿದೆ. ತಾಣವಿರುವ ಸರ್ವರ್‌ನಲ್ಲಿಯೇ ಇಟ್ಟ ಪ್ರತಿ ದಾಳಿಯ ವೇಳೆ ತಾಣದೊಂದಿಗೇ ನಾಶವಾಗಬಹುದು. ಪಾಸ್‌ವರ್ಡ್‌ಗಳು ಯಾರ ಬಳಿ ಇವೆ, ಡೊಮೇನ್ ನವೀಕರಣದ ದಿನಾಂಕ ಯಾವುದು, ಕೊನೆಯ ಬ್ಯಾಕಪ್ ಪ್ರತಿ ಎಲ್ಲಿದೆ ಎಂಬ ವಿವರಗಳನ್ನು ಸಂಸ್ಥೆಯ ದಾಖಲೆಗಳಲ್ಲಿ ಸುರಕ್ಷಿತವಾಗಿ ಇರಿಸಿಕೊಂಡರೆ, ವಿನ್ಯಾಸಕರು ಬದಲಾದರೂ ತಾಣ ಸಂಸ್ಥೆಯ ಹಿಡಿತದಲ್ಲಿ ಉಳಿಯುತ್ತದೆ.