ಕೂರಿಗೆಯಿಂದ ಕಾರಿಗೆ

ಜರ್ಮನಿಯ ಕಾರುಗಳೆಂದರೆ ನಮ್ಮ ಕಣ್ಣಮುಂದೆ ಬರುವುದು ಸಿರಿವಂತರ ಬೆಂಜ್, ಬಿಎಂಡಬ್ಲ್ಯುಗಳು. ಆದರೆ ಎರಡನೇ ಮಹಾಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಆ ದೇಶದ ಸಾಮಾನ್ಯನಿಗೆ ಅವು ಎಟುಕುತ್ತಿರಲಿಲ್ಲ. ಅವನು ಹೆಂಡತಿ-ಮಕ್ಕಳನ್ನು ಮೋಟಾರ್ ಸೈಕಲಿನಲ್ಲಿ ಕೂರಿಸಿಕೊಂಡು ಮಳೆ, ಹಿಮದಲ್ಲಿ ನೆನೆಯುತ್ತಾ ಸಾಗಬೇಕಿತ್ತು. ಅವನ ತಲೆಯ ಮೇಲೊಂದು ಸೂರು ಕಟ್ಟಿದವರಲ್ಲಿ ಬವೇರಿಯಾದ ಡಿಂಗೊಲ್ಫಿಂಗ್ ಎಂಬ ಪುಟ್ಟ ಊರಿನ ಹಾನ್ಸ್ ಗ್ಲಾಸ್ ಒಬ್ಬರು. ಅವರದು ರೈತರಿಗೆ ಕೂರಿಗೆ ತಯಾರಿಸುವ ಕಾರ್ಖಾನೆ.

1951ರಲ್ಲಿ ಅಲ್ಲಿಂದ ‘ಗೊಗ್ಗೊ’ ಸ್ಕೂಟರ್ ಹೊರಬಂತು. ಗೊಗ್ಗೊ ಎಂಬುದು ಮೊಮ್ಮಗನ ಮುದ್ದಿನ ಹೆಸರು. 1955ರಲ್ಲಿ ‘ಗೊಗ್ಗೊಮೊಬೀಲ್’ ಕಾರು ಬಂತು. ಹಿಂಬದಿಯಲ್ಲಿ 250 ಸಿಸಿಯ ಪುಟ್ಟ ಎಂಜಿನ್, ಇಕ್ಕಟ್ಟಾದರೂ ನಾಲ್ವರಿಗೆ ಜಾಗ, ಬೆಲೆ ಸುಮಾರು 3000 ಮಾರ್ಕ್. ಹಳೆಯ ಮೋಟಾರ್ ಸೈಕಲ್ ಪರವಾನಗಿ ಇದ್ದವರು ಹೊಸ ಪರೀಕ್ಷೆಯಿಲ್ಲದೆ ಇದನ್ನು ಓಡಿಸಬಹುದಿತ್ತು. ಎಲ್ಲ ಮಾದರಿಗಳೂ ಸೇರಿ ಎರಡೂವರೆ ಲಕ್ಷಕ್ಕೂ ಹೆಚ್ಚು ಗೊಗ್ಗೊಗಳು ತಯಾರಾದವು.

ಆದರೆ ಜನರ ಕೈಯಲ್ಲಿ ಹಣ ಆಡತೊಡಗಿದಂತೆ ಅವರಿಗೆ ಪುಟ್ಟ ಕಾರು ಸಾಲದಾಯಿತು. ಗ್ಲಾಸ್ ಕೂಡ ಅವರ ಹಿಂದೆಯೇ ಹೊರಟರು. 1958ರಲ್ಲಿ 600 ಸಿಸಿಯ ಕಾರು, 1962ರಲ್ಲಿ ‘1004’, ಆಮೇಲೆ ಇಟಲಿಯ ಫ್ರುವಾ ರೂಪಿಸಿದ ಸೊಗಸಾದ ಸ್ಪೋರ್ಟ್ಸ್ ಕಾರುಗಳು, ಕೊನೆಗೆ ಎಂಟು ಸಿಲಿಂಡರಿನ ಐಷಾರಾಮಿ ಕಾರು! ಒಂದು ಕುಟುಂಬದ ಬಂಡವಾಳ ಇಷ್ಟೆಲ್ಲ ಮಾದರಿಗಳ ಭಾರ ಹೊರುವುದಾದರೂ ಹೇಗೆ? 1966ರಲ್ಲಿ ಬಿಎಂಡಬ್ಲ್ಯು ಕಂಪೆನಿಯನ್ನು ಕೊಂಡುಕೊಂಡಿತು. 1969ರಲ್ಲಿ ಗೊಗ್ಗೊಮೊಬೀಲ್ ನಿಂತಿತು. ಅದೇ ವರ್ಷ ಹಾನ್ಸ್ ಗ್ಲಾಸ್ ಕೂಡ ತೀರಿಕೊಂಡರು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು ಎಂದು ನಾವು ಸುಲಭವಾಗಿ ಹೇಳಿಬಿಡಬಹುದು. ಆದರೆ ಗೊಗ್ಗೊ ಒಂದನ್ನೇ ನೆಚ್ಚಿಕೊಂಡಿದ್ದರೂ ಕಂಪೆನಿ ಉಳಿಯುತ್ತಿತ್ತೆಂಬ ಭರವಸೆಯಿರಲಿಲ್ಲ. ಅದನ್ನು ಕೊಳ್ಳುವವರೇ ಕಡಿಮೆಯಾಗುತ್ತಿದ್ದರು. ಸಣ್ಣವರ ಸಂಕಟವೇ ಇದು: ನಿಂತರೂ ಸೋಲು, ಓಡಿದರೂ ಸೋಲು.

ಹಾಗೆಂದು ಎಲ್ಲವೂ ಮಣ್ಣುಪಾಲಾಗಲಿಲ್ಲ. ಎಂಜಿನ್ನಿನ ಕ್ಯಾಮ್‌ಶಾಫ್ಟನ್ನು ಕಬ್ಬಿಣದ ಸರಪಳಿಯ ಬದಲು ಹಲ್ಲಿನ ಬೆಲ್ಟಿನಿಂದ ತಿರುಗಿಸುವ ವಿಧಾನವನ್ನು ದೊಡ್ಡ ಪ್ರಮಾಣದ ಕಾರು ತಯಾರಿಕೆಗೆ ಮೊದಲು ತಂದದ್ದು ಆ ‘1004’. ಮುಂದೆ ಜಗತ್ತಿನ ಅನೇಕ ಕಂಪೆನಿಗಳು ಅದೇ ದಾರಿ ಹಿಡಿದವು. ನಮ್ಮ ಮಧ್ಯಮ ವರ್ಗದ ಮನೆಯಂಗಳಕ್ಕೆ ಬಂದ ಮಾರುತಿ 800ರಲ್ಲೂ ಇದ್ದದ್ದು ಅಂಥ ಬೆಲ್ಟೇ. ಇನ್ನು ಡಿಂಗೊಲ್ಫಿಂಗ್? 1973ರಿಂದ ಅಲ್ಲಿನ ಹೊಸ ಕಾರ್ಖಾನೆಯಲ್ಲಿ ಬಿಎಂಡಬ್ಲ್ಯು ಕಾರುಗಳು ತಯಾರಾಗುತ್ತಿವೆ. ಯೂರೋಪಿನಲ್ಲಿ ಆ ಕಂಪೆನಿಯ ಅತಿ ದೊಡ್ಡ ಕಾರ್ಖಾನೆ ಅದೇ. ಕಾರಿನ ಮೇಲಿದ್ದ ಗ್ಲಾಸ್ ಹೆಸರು ಅಳಿಯಿತು. ಅವರು ಕೆಲಸ ಕಲಿಸಿದ ಊರಿನ ಕೈಗಳು ಬರಿದಾಗಲಿಲ್ಲ.