ಖೆಡ್ಡಾದಿಂದ ದೇವಬಾಗಕ್ಕೆ

ಕಾಡಿನಲ್ಲಿ ಪ್ರಾಣಿಗಳನ್ನು ನೋಡಿ, ಕೊನೆಯ ದಿನಗಳನ್ನು ಕಡಲ ನಡುಗಡ್ಡೆಯಲ್ಲಿ ಕಳೆಯುವ ಪ್ರವಾಸಕ್ಕೆ ಪೂರ್ವ ಆಫ್ರಿಕಾ ಹೆಸರುವಾಸಿ. ಸೆರೆಂಗೆಟಿ ಮುಗಿಸಿದವರು ಜಂಜಿಬಾರಿಗೆ ಹೋಗುತ್ತಾರೆ. ಕರ್ನಾಟಕದಲ್ಲಿ ಇದಕ್ಕೆ ಹತ್ತಿರವಾದ ದಾರಿ ಕಾಳಿ ನದಿಯ ಗುಂಟ ಇದೆ: ಮೇಲೆ ದಾಂಡೇಲಿಯ ಕಾಡು, ಕೆಳಗೆ ಕಾರವಾರದ ದೇವಬಾಗ. ಆದರೆ ನಮ್ಮ ಕಾಡಿನ ಪ್ರವಾಸೋದ್ಯಮದ ಬೇರು ಹುಡುಕಬೇಕಾದರೆ ಕಬಿನಿ ದಡಕ್ಕೆ, ಮೈಸೂರು ಅರಸರ ಖೆಡ್ಡಾಕ್ಕೆ ಹೋಗಬೇಕು.

ಮೈಸೂರು ಸೀಮೆಯಲ್ಲಿ ಆನೆಗಳನ್ನು ಹಿಂಡುಹಿಂಡಾಗಿ ಹಿಡಿಯುವ ಖೆಡ್ಡಾ ಪದ್ಧತಿಯನ್ನು ನೆಲೆಗೊಳಿಸಿದವನು ಜಿ.ಪಿ. ಸ್ಯಾಂಡರ್‌ಸನ್, ಅಲ್ಲಿನ ನೀರಾವರಿ ಇಲಾಖೆಯ ಅಧಿಕಾರಿ. 1874ರಲ್ಲಿ ಚಾಮರಾಜನಗರದ ಕಡೆ ಅವನ ಮೊದಲ ಖೆಡ್ಡಾಕ್ಕೆ 50ಕ್ಕೂ ಹೆಚ್ಚು ಆನೆಗಳು ಬಿದ್ದವು. ಮುಂದೆ ಕಾಕನಕೋಟೆಯ ಖೆಡ್ಡಾ ಹೆಚ್ಚು ಪ್ರಸಿದ್ಧವಾಯಿತು. ಹಿಂಡಿನ ಜಾಡು ಹಿಡಿಯುವವರು ಜೇನುಕುರುಬರು ಮೊದಲಾದ ಕಾಡು ಕುರುಬರು. ಸದ್ದು ಗದ್ದಲ, ಬೆಂಕಿಗಳಿಂದ ಆನೆಗಳನ್ನು ಬೆದರಿಸಿ ಕಬಿನಿ ಹೊಳೆಗೆ ಇಳಿಸುತ್ತಿದ್ದರು. ಹೊಳೆ ದಾಟಿಸಿ, ದಿಮ್ಮಿಗಳಿಂದ ಕಟ್ಟಿದ ದೊಡ್ಡಿಗೆ ಅಟ್ಟುತ್ತಿದ್ದರು. ಆಮೇಲೆ ಮಾವುತರು ಪಳಗಿದ ಆನೆಗಳ ಮೇಲೆ ಕುಳಿತು ಒಳಹೊಕ್ಕು ಒಂದೊಂದಕ್ಕೇ ಹಗ್ಗ ಬಿಗಿಯುತ್ತಿದ್ದರು. ಹೊಳೆ ಕಾಣುವಂತೆ ಕಟ್ಟಿದ ಅಟ್ಟಣಿಗೆಯಲ್ಲಿ ಅರಸರ ಅತಿಥಿಗಳು ಕೂರುತ್ತಿದ್ದರು. ಆನೆ ಹಿಡಿಯುವುದು ಕೆಲಸವಾದರೆ, ಅದನ್ನು ನೋಡುವುದು ಒಂದು ವೈಭವದ ವಿನೋದ. ಪ್ರವಾಸೋದ್ಯಮ ಎಂಬ ಹೆಸರು ಬರುವ ಮುಂಚೆಯೇ ಅದರ ಸಾಮಾನೆಲ್ಲ ಅಲ್ಲಿ ಸಿದ್ಧವಿತ್ತು ಎನ್ನಬೇಕು. 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರ ಈ ಕಾಡನ್ನು ಲೋಕಕ್ಕೆಲ್ಲ ತೋರಿಸಿತು. ಅದರ ನಾಯಕ ಸಾಬು ಕಬಿನಿ ದಡದ ಕಾರಾಪುರದ ಮಾವುತನ ಮಗ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆಗೆ ತಡೆ ಬಿತ್ತು. ಬಿಳಿಯರ ಬೇಟೆಯ ದಂಡಯಾತ್ರೆಗಳಿಗೆ ಹೆಸರಾಗಿದ್ದ ಕೀನ್ಯಾ ಕೂಡ 1977ರಲ್ಲಿ ಬೇಟೆ ನಿಷೇಧಿಸಿ ಕ್ಯಾಮೆರಾ ಸಫಾರಿಯತ್ತ ತಿರುಗಿತು. ಇತ್ತ 1974ರ ಹೊತ್ತಿಗೆ ಬೀಚನಹಳ್ಳಿಯ ಅಣೆಕಟ್ಟು ಮುಗಿದು, ಖೆಡ್ಡಾ ನಡೆಯುತ್ತಿದ್ದ ತಾಣ ನೀರಿನಡಿ ಹೋಯಿತು. ಅದೇ ಅಣೆಕಟ್ಟು ಇನ್ನೊಂದು ನೋಟವನ್ನೂ ಕೊಟ್ಟಿತು. ಬೇಸಿಗೆಯಲ್ಲಿ ಹಿನ್ನೀರು ತಗ್ಗಿದಾಗ ಬಯಲಲ್ಲಿ ಹಸಿ ಹುಲ್ಲು ಚಿಗುರುತ್ತದೆ, ನಾಗರಹೊಳೆ ಬಂಡೀಪುರಗಳ ಆನೆಗಳು ನೂರುಗಟ್ಟಲೆ ಅಲ್ಲಿ ನೆರೆಯುತ್ತವೆ. 1980ರಲ್ಲಿ ರಾಜ್ಯ ಸರ್ಕಾರ ನೇಪಾಳದ ಟೈಗರ್ ಟಾಪ್ಸ್ ಜೊತೆಗೂಡಿ ಜಂಗಲ್ ಲಾಡ್ಜಸ್ ಸಂಸ್ಥೆಯನ್ನು ಸ್ಥಾಪಿಸಿತು. ಕಾರಾಪುರದ ಅರಸರ ಬೇಟೆ ಬಂಗಲೆಯೇ ಅತಿಥಿಗೃಹವಾಯಿತು. ಅದನ್ನು ದಶಕಗಳ ಕಾಲ ನೋಡಿಕೊಂಡ ಕರ್ನಲ್ ಜಾನ್ ವೇಕ್‌ಫೀಲ್ಡ್ ಹಿಂದೆ ತಾನೇ ಬೇಟೆಗಾರ. 1987ರಲ್ಲಿ ನೇಪಾಳದ ಪಾಲುದಾರರು ಹೊರನಡೆದರು. ಸಂಸ್ಥೆ ಪೂರ್ತಿ ಸರ್ಕಾರದ್ದಾಯಿತು.

ಈ ಕಥೆಯಲ್ಲಿ ಜೇನುಕುರುಬರ ಪಾಲು ಕಹಿಯದು. ಅವರಿಲ್ಲದೆ ಖೆಡ್ಡಾ ನಡೆಯುತ್ತಿರಲಿಲ್ಲ; ಅಭಯಾರಣ್ಯಕ್ಕೆ ಅವರೇ ಅಡ್ಡಿ ಎನಿಸಿದರು. ಒಂದೆಡೆ ಹಾಡಿಗಳನ್ನು ತೆರವು ಮಾಡಿಸುತ್ತಲೇ ನಾಗರಹೊಳೆಯೊಳಗೆ ಖಾಸಗಿ ಹೋಟೆಲಿಗೆ ಜಾಗ ಕೊಟ್ಟಾಗ ಆದಿವಾಸಿಗಳು ಬೀದಿಗಿಳಿದರು. 1997ರಲ್ಲಿ ಹೈಕೋರ್ಟ್ ತೀರ್ಪು ಆ ಹೋಟೆಲಿನ ವಿರುದ್ಧ ಬಂತು.

ಕಾಳಿ ಕಣಿವೆಯ ಇತಿಹಾಸವೇ ಬೇರೆ. ದಾಂಡೇಲಿ ಅಭಯಾರಣ್ಯವಾದದ್ದು 1956ರಲ್ಲಿ, ಪಕ್ಕದ ಅಣಶಿ ಕಾಡಿನೊಂದಿಗೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾದದ್ದು 2007ರಲ್ಲಿ. 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಆಫ್ರಿಕಾದ ನಂಟು ಇಲ್ಲಿಗೆ ಸಫಾರಿಗಿಂತ ಬಹಳ ಮೊದಲೇ ತಲುಪಿತ್ತು. ಹಳಿಯಾಳ, ಯಲ್ಲಾಪುರ, ಅಂಕೋಲಾ ಕಾಡಂಚಿನ ಸಿದ್ದಿಗಳ ಪೂರ್ವಜರಲ್ಲಿ ಹಲವರನ್ನು ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗುಲಾಮರಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡು ಸೇರಿದರು. ಇಂದು ಪ್ರವಾಸಿಗರ ಸ್ವರ್ಗವಾದ ಜಂಜಿಬಾರ್ ಆಗ ಗುಲಾಮರ ಸಂತೆ. ಅದು ಮುಚ್ಚಿದ್ದು 1873ರಲ್ಲಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದೇ 2003ರಲ್ಲಿ.

ದೇವಬಾಗವನ್ನು ನಡುಗಡ್ಡೆ ಎಂದು ಕರೆಯುವ ರೂಢಿಯುಂಟು. ವಾಸ್ತವದಲ್ಲಿ ಅದು ಕಾಳಿ ಕಡಲು ಸೇರುವಲ್ಲಿ ಉತ್ತರ ದಡದಿಂದ ಚಾಚಿದ ಮರಳ ದಿಣ್ಣೆ. ಗಾಳಿಮರದ ತೋಪಿನ ನಡುವೆ ಜಂಗಲ್ ಲಾಡ್ಜಸ್‌ನ ಬಿಡದಿ ಇದೆ. ಕಾರವಾರದ ಕಡೆಯಿಂದ ಬರುವವರು ದೋಣಿ ಹತ್ತುತ್ತಾರೆ. ನಿಜವಾದ ದ್ವೀಪ ಬೇಕೆಂದರೆ ಎದುರಿಗೇ ಕೂರ್ಮಗಡವಿದೆ. ಅಲ್ಲಿನ ನರಸಿಂಹನ ಜಾತ್ರೆಗೆ ಮೀನುಗಾರರು ಮೊದಲಿಂದಲೂ ದೋಣಿಗಳಲ್ಲೇ ಹೋಗುತ್ತಾರೆ.