ಜೋನ್ಸ್, ಪ್ರೈಸ್, ಪೊವೆಲ್: ವೇಲ್ಸ್ ಸರ್‌ನೇಮ್‌ಗಳು ಹುಟ್ಟಿದ್ದು ಹೇಗೆ? ವಂಶದ ಬೇರು ಹುಡುಕುವುದು ಹೇಗೆ?

ಬ್ರಿಟನ್‌ನ ಪಶ್ಚಿಮ ಭಾಗದಲ್ಲಿರುವ ವೇಲ್ಸ್‌ನಲ್ಲಿ ಅತಿ ಹೆಚ್ಚು ಜನರಿಗಿರುವ ಸರ್‌ನೇಮ್ ಜೋನ್ಸ್. ಡೇವಿಸ್, ವಿಲಿಯಮ್ಸ್, ಇವಾನ್ಸ್, ಥಾಮಸ್ ಕೂಡ ಮುಂಚೂಣಿಯಲ್ಲಿವೆ. ಆದರೆ ವೆಲ್ಷ್ ಭಾಷೆಯ ಸಾಂಪ್ರದಾಯಿಕ ವರ್ಣಮಾಲೆಯಲ್ಲಿ 'ಜೆ' ಅಕ್ಷರವೇ ಇರಲಿಲ್ಲ! ಹಾಗಾದರೆ ಇಷ್ಟೊಂದು ಜೋನ್ಸ್‌ಗಳು ಬಂದದ್ದು ಎಲ್ಲಿಂದ?

ಅಪ್ಪನ ಹೆಸರೇ ಗುರುತು

ಹಿಂದೆ ವೇಲ್ಸ್‌ನಲ್ಲಿ ಮನೆತನಕ್ಕೆ ಸ್ಥಿರವಾದ ಹೆಸರು ಇರಲಿಲ್ಲ. 'ಮಗ' ಎಂಬ ಅರ್ಥದ 'ಆಪ್' ಅಥವಾ 'ಆಬ್' ಪದ ಸೇರಿಸಿ ಅಪ್ಪನ ಹೆಸರು ಹೇಳುತ್ತಿದ್ದರು. ಹವೆಲ್‌ನ ಮಗ 'ರೀಸ್ ಆಪ್ ಹವೆಲ್' ಆದರೆ, ಅವನ ಮಗ 'ಓವೆನ್ ಆಪ್ ರೀಸ್'. ತಲೆಮಾರಿಗೊಮ್ಮೆ ಕೊನೆಯ ಹೆಸರು ಬದಲಾಗುತ್ತಿತ್ತು. ಅಪ್ಪನ ಹೆಸರನ್ನು ಇನಿಷಿಯಲ್ ಮಾಡಿಕೊಂಡು, ಮುಂಬೈ, ದೆಹಲಿಯ ಅರ್ಜಿಗಳಲ್ಲಿ 'ಸರ್‌ನೇಮ್' ಕಾಲಂ ಎದುರು ತಡವರಿಸುವ ಕನ್ನಡಿಗರಿಗೆ ಇದು ತೀರಾ ಹೊಸದೇನಲ್ಲ.

1536 ಮತ್ತು 1543ರ ಕಾಯ್ದೆಗಳ ಮೂಲಕ ವೇಲ್ಸ್ ಇಂಗ್ಲೆಂಡಿನ ಕಾನೂನು ವ್ಯವಸ್ಥೆಗೆ ಸೇರಿತು. ಕೋರ್ಟುಗಳ ಭಾಷೆ ಇಂಗ್ಲಿಷ್ ಆಯಿತು. ಮೊದಲು ಶ್ರೀಮಂತರು ಸ್ಥಿರ ಸರ್‌ನೇಮ್ ಇಟ್ಟುಕೊಂಡರು. ಕೆಲವು ಹಳ್ಳಿಗಳಲ್ಲಿ ಹಳೆಯ ಪದ್ಧತಿ 19ನೇ ಶತಮಾನದವರೆಗೂ ಉಳಿಯಿತು.

ಮೂರು ದಾರಿ

* 'ಆಪ್' ಹೆಸರಿನಲ್ಲೇ ಕರಗಿತು: ಆಪ್ ಹವೆಲ್ ಪೊವೆಲ್ ಆಯಿತು. ಆಪ್ ರೀಸ್ ಪ್ರೈಸ್, ಆಪ್ ರಿಚರ್ಡ್ ಪ್ರಿಚರ್ಡ್, ಆಬ್ ಓವೆನ್ ಬೋವೆನ್ ಆದವು.
* ಇಂಗ್ಲಿಷಿನ 'ಎಸ್' ಸೇರಿತು: ಜಾನ್‌ನ ಮಗ ಜೋನ್ಸ್, ವಿಲಿಯಂನ ಮಗ ವಿಲಿಯಮ್ಸ್.
* ರೂಪವೇ ಹೆಸರಾಯಿತು: ಲಾಯ್ಡ್ ಎಂದರೆ ಬೂದು ಬಣ್ಣ, ಗಾಫ್ ಎಂದರೆ ಕೆಂಪು, ವಾನ್ ಎಂದರೆ ಚಿಕ್ಕವ.

ಕೆಲವೇ ಹೆಸರುಗಳು ಮತ್ತೆ ಮತ್ತೆ ಬಳಕೆಯಾದ್ದರಿಂದ ಒಂದೇ ಊರಿನಲ್ಲಿ ಹತ್ತಾರು ಜೋನ್ಸ್‌ಗಳಾದರು. ಹಾಲು ಮಾರುವವನನ್ನು 'ಜೋನ್ಸ್ ದ ಮಿಲ್ಕ್' ಎಂದು ಕಸುಬಿನಿಂದ ಗುರುತಿಸುವ ರೂಢಿ ಬಂದದ್ದು ಹೀಗೆ.

ಭಾರತಕ್ಕೆ ಬಂದ ಜೋನ್ಸ್

1784ರಲ್ಲಿ ಕೋಲ್ಕತ್ತಾದಲ್ಲಿ ಏಷ್ಯಾಟಿಕ್ ಸೊಸೈಟಿ ಸ್ಥಾಪಿಸಿದ ಸಂಸ್ಕೃತ ವಿದ್ವಾಂಸ ಸರ್ ವಿಲಿಯಂ ಜೋನ್ಸ್ ಹುಟ್ಟಿದ್ದು ಲಂಡನ್‌ನಲ್ಲಾದರೂ ಅವರ ತಂದೆ ವೇಲ್ಸ್‌ನ ಆಂಗ್ಲೆಸಿ ದ್ವೀಪದವರು. ತಂದೆಯ ಹೆಸರೂ ವಿಲಿಯಂ ಜೋನ್ಸ್. 1706ರಲ್ಲಿ 'ಪೈ' ಚಿಹ್ನೆಯನ್ನು ಇಂದಿನ ಅರ್ಥದಲ್ಲಿ ಮೊದಲು ಬಳಸಿದ ಗಣಿತಜ್ಞ ಇವರೇ. ಇವರ ಅಪ್ಪನ ವೆಲ್ಷ್ ಹೆಸರು ಶಾನ್ ಶೋರ್. ಶಾನ್ ಎಂದರೆ ಜಾನ್. ಹೀಗಾಗಿ ಮಗ ಜೋನ್ಸ್!

ಹುಡುಕುವುದು ಹೇಗೆ?

ಮನೆಯ ಹಿರಿಯರಿಂದ ಹೆಸರು, ಊರು, ಕಸುಬು ಬರೆದುಕೊಂಡು ಹಿಂದಕ್ಕೆ ಸಾಗುವುದು ಸರಿಯಾದ ಕ್ರಮ.

* ಜನನ, ಮದುವೆ, ಮರಣ: 1837ರ ಜುಲೈ 1ರಿಂದ ಸರ್ಕಾರಿ ನೋಂದಣಿ ಇದೆ. ಮದುವೆ ಪ್ರಮಾಣಪತ್ರದಲ್ಲಿ ವಧು-ವರರ ತಂದೆಯರ ಹೆಸರು, ಕಸುಬು ಸಿಗುತ್ತವೆ.
* ಜನಗಣತಿ: 1841ರಿಂದ 1921ರವರೆಗಿನ ವಿವರ ನೋಡಬಹುದು. 1931ರ ದಾಖಲೆಗಳು ಬೆಂಕಿಯಲ್ಲಿ ನಾಶವಾಗಿವೆ.
* ಚರ್ಚ್ ರಿಜಿಸ್ಟರ್: 1837ಕ್ಕೂ ಹಿಂದಿನ ಕಾಲಕ್ಕೆ ಇವೇ ಆಧಾರ. ವೇಲ್ಸ್‌ನಲ್ಲಿ ಅನೇಕರು ಆಂಗ್ಲಿಕನ್ ಚರ್ಚ್ ಬಿಟ್ಟು ಬೇರೆ ಪಂಥಗಳ ಚಾಪೆಲ್‌ಗಳಿಗೆ ಹೋಗುತ್ತಿದ್ದರು. ಹಾಗಾಗಿ ಅವುಗಳ ದಾಖಲೆಯನ್ನೂ ನೋಡಬೇಕು.
* ಉಯಿಲು: 1858ಕ್ಕೆ ಮೊದಲು ಚರ್ಚ್ ನ್ಯಾಯಾಲಯಗಳಲ್ಲಿ ದಾಖಲಾದ ವೆಲ್ಷ್ ಉಯಿಲುಗಳು ಅಬೆರಿಸ್ಟ್‌ವಿತ್‌ನ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಆನ್‌ಲೈನ್‌ನಲ್ಲಿ ಉಚಿತವಾಗಿ ಓದಬಹುದು.
* ಭಾರತದಲ್ಲಿದ್ದವರು: ಬ್ರಿಟಿಷರ ಕಾಲದ ದೀಕ್ಷಾಸ್ನಾನ, ಮದುವೆ, ಸಮಾಧಿ ದಾಖಲೆಗಳಿಗೆ ಲಂಡನ್‌ನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹ ನೋಡಬೇಕು.

ಎಚ್ಚರ ಎಲ್ಲಿ ಬೇಕು?

ಸರ್‌ನೇಮ್ ಒಂದೇ ಎಂದಾಕ್ಷಣ ರಕ್ತಸಂಬಂಧ ಇದೆ ಎಂದಲ್ಲ. ಇಬ್ಬರು ಜೋನ್ಸ್‌ಗಳ ಪೂರ್ವಜರು ಜಾನ್ ಎಂಬ ಹೆಸರಿನ ಬೇರೆ ಬೇರೆ ವ್ಯಕ್ತಿಗಳಾಗಿರಬಹುದು. ಅಣ್ಣ-ತಮ್ಮಂದಿರ ಮಕ್ಕಳು ಬೇರೆ ಬೇರೆ ಸರ್‌ನೇಮ್ ಪಡೆದಿರಲೂಬಹುದು. ಹೆಸರಿನ ಜತೆ ಊರು, ಹೊಲ-ಮನೆಯ ಹೆಸರು, ಕಸುಬು ಹೊಂದಿಕೆಯಾದರೆ ಮಾತ್ರ ಮುಂದಿನ ತಲೆಮಾರಿಗೆ ಹೋಗಬೇಕು. ಒಂದು ಕೊಂಡಿ ತಪ್ಪಿದರೂ ಅಲ್ಲಿಂದಾಚೆಗೆ ಸಿಗುವುದು ಬೇರೆ ಯಾರದೋ ಅಜ್ಜ-ಮುತ್ತಜ್ಜರು.